ಗೆರೆ ಎಳೆಯದ ಪುಟಗಳು

ನಟರಾಗುವ ಆಸೆ ಹೊತ್ತವರು ನಾಟಕ ಕೈಗೆ ಬಂದ ಕೂಡಲೇ ತಮ್ಮ ಪಾತ್ರದ ಮಾತುಗಳನ್ನು ಹುಡುಕಿ ಗೆರೆ ಎಳೆಯುತ್ತಾರೆ. ಪಾತ್ರ ದೊಡ್ಡದೋ ಚಿಕ್ಕದೋ ಎಂದು ಅಲ್ಲೇ ಲೆಕ್ಕ ಹಾಕುತ್ತಾರೆ. ಗೆರೆ ಬೀಳದ ಪುಟಗಳು ಸುಮ್ಮನೆ ಮಗುಚಿ ಹೋಗುತ್ತವೆ. ನಟನೆಯ ದೊಡ್ಡ ಪಾಠ ಇರುವುದು ಆ ಪುಟಗಳಲ್ಲೇ.

ಗಿರೀಶ ಕಾರ್ನಾಡರ 1964ರ ‘ತುಘಲಕ್’ ತೆಗೆದುಕೊಳ್ಳಿ. ಎರಡನೆಯ ದೃಶ್ಯದಲ್ಲಿ ಸುಲ್ತಾನ ಚದುರಂಗದ ಮುಂದಿದ್ದಾನೆ. ಮಲತಾಯಿ ಬರುತ್ತಾಳೆ. ಮಗ ರಾತ್ರಿಯೆಲ್ಲ ನಿದ್ದೆಗೆಡುತ್ತಾನೆಂಬ ಚಿಂತೆ ಅವಳದು. ಇಷ್ಟನ್ನೇ ಓದಿದ ನಟಿಗೆ ಅವಳು ಅಕ್ಕರೆಯ ತಾಯಿ, ಅಷ್ಟೆ. ಕೊನೆಯವರೆಗೆ ಓದಿದವಳಿಗೆ ಗೊತ್ತು: ಸುಲ್ತಾನನ ಸಲಹೆಗಾರ ನಜೀಬನನ್ನು ಕೊಲ್ಲಿಸುವವಳು ಇವಳೇ. ಆ ತಪ್ಪಿಗೆ ಕಲ್ಲು ಹೊಡೆದು ಕೊಲ್ಲುವ ಶಿಕ್ಷೆ ಕೊಡುವವನು ಅದೇ ಮಗ. ಕೊಲೆಯ ಬೇರೂ ಅದೇ ಅಕ್ಕರೆಯಲ್ಲಿದೆ. ಮುಂದಾಗುವುದನ್ನು ಎರಡನೆಯ ದೃಶ್ಯದಲ್ಲೇ ತೋರಿಸಿಬಿಡಬಾರದು, ನಿಜ. ಆದರೆ ಅದನ್ನು ತಿಳಿದ ನಟಿ, ನಜೀಬ ಒಳಗೆ ಬಂದಾಗ ಅವನತ್ತ ತಿರುಗುವ ರೀತಿಯೇ ಬೇರೆಯಾಗುತ್ತದೆ.

ಕಾರ್ನಾಡರದೇ 1961ರ ‘ಯಯಾತಿ’ಯ ಚಿತ್ರಲೇಖೆ ರಂಗಕ್ಕೆ ಬರುವುದು ಕೊನೆಯ ಭಾಗದಲ್ಲಿ. ಮದುವೆಯಾಗಿ ಬಂದ ಮನೆಯಲ್ಲಿ ಗಂಡ ಪುರು ತಂದೆ ಯಯಾತಿಯ ಮುಪ್ಪನ್ನು ಹೊತ್ತು ನಿಂತಿದ್ದಾನೆ. ಅದು ತ್ಯಾಗವೆಂಬ ಹೊಗಳಿಕೆ ಅವಳಿಗೆ ಒಪ್ಪಿಗೆಯಿಲ್ಲ. ತನ್ನ ಬಾಳಿನ ಗತಿಯೇನೆಂದು ಯಯಾತಿಯನ್ನೇ ಕೇಳುತ್ತಾಳೆ, ಪ್ರಾಣ ಬಿಡುತ್ತಾಳೆ. ಆಮೇಲೆಯೇ ಅವನು ಮಗನ ಯೌವನವನ್ನು ಹಿಂದಿರುಗಿಸುವುದು. ಪುಟ ಎಣಿಸಿದರೆ ಸಣ್ಣ ಪಾತ್ರ. ಆದರೆ ನಾಟಕ ತಿರುಗುವುದು ಅವಳಿಂದ.

ಕೆಲವು ನಾಟಕಗಳನ್ನು ಬಾಯಿಬಿಟ್ಟೇ ಓದಬೇಕು. ಕುವೆಂಪು ಅವರ ‘ಶ್ಮಶಾನ ಕುರುಕ್ಷೇತ್ರಂ’ ಸರಳ ರಗಳೆಯಲ್ಲಿದೆ. ಅಲ್ಲಿ ಅರ್ಥ ಒಂದು ಸಾಲಿನಿಂದ ಮುಂದಿನ ಸಾಲಿಗೆ ಹರಿಯುತ್ತದೆ. ಸಾಲು ಮುಗಿದಲ್ಲೆಲ್ಲ ಉಸಿರೆಳೆದರೆ ಅರ್ಥ ತುಂಡಾಗುತ್ತದೆ. ಮಾತು ತಿಳಿದ ಮೇಲಷ್ಟೇ ಎಲ್ಲಿ ಉಸಿರೆಳೆಯಬೇಕೆಂಬುದು ತಿಳಿಯುತ್ತದೆ. ಕೈಲಾಸಂ ನಾಟಕಗಳ ಇಂಗ್ಲಿಷ್ ಬೆರೆತ ಮನೆಮಾತು ನಾಲಿಗೆಗೆ ಚುರುಕು ಕಲಿಸುತ್ತದೆ. ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯಲ್ಲಿ ಉತ್ತರ ಕರ್ನಾಟಕದ ಮಾತು, ಬಯಲಾಟದ ಹಾಡು, ಕುಣಿತ ಎಲ್ಲ ಒಂದೇ ಮೈಯಲ್ಲಿ ಕೂಡಿವೆ. ಬೇರೆ ಸೀಮೆಯ ನಟ ಆ ಮಾತನ್ನು ಅಣಕಿಸಬಾರದು. ಅದನ್ನಾಡುವ ಜನರ ನಡುವೆ ಕೂತು, ಕೇಳಿ ಕಲಿಯಬೇಕು.

ಹೀಗೆ ಓದುತ್ತ ಹೋದರೆ ನಟನಿಗೆ ಮೊದಲು ಹದಗೊಳ್ಳುವುದು ಕಿವಿ. ಎದುರಿನವರ ಮಾತು ಮುಗಿಯಲೆಂದು ಕಾಯುವುದು ಬೇರೆ, ಆ ಮಾತನ್ನು ಕೇಳುವುದು ಬೇರೆ. ರಂಗದ ಮೇಲೆ ಪ್ರೇಕ್ಷಕರಿಗೆ ಈ ವ್ಯತ್ಯಾಸ ಕ್ಷಣದಲ್ಲಿ ಗೊತ್ತಾಗುತ್ತದೆ. ಮನೆಯಲ್ಲಿ ನಮ್ಮೊಡನೆ ಬಾಳುವವರಿಗೂ ಗೊತ್ತಾಗುತ್ತದೆ.

ಈ ಬೆಳಿಗ್ಗೆ ಒಂದು ನಾಟಕ ತೆರೆಯಿರಿ. ನಿಮಗೆ ಎಂದೂ ಸಿಗಲಾರದ ಪಾತ್ರವೊಂದರ ಮಾತುಗಳನ್ನು ಗಟ್ಟಿಯಾಗಿ ಓದಿ. ಆ ಪಾತ್ರ ಹಾಗೇಕೆ ಆಡುತ್ತದೆಂದು ಮನಸ್ಸಿಗೆ ಹೊಳೆದ ಮೇಲೆ ನಿಮ್ಮ ಮಾತಿಗೆ ಬನ್ನಿ.