ಮೂರು ಸಾಲಿನ ಬೆರಗು

ಬಾದಾಮಿಯ ಕೆರೆಯ ಮೇಲ್ಗಡೆ, ಕೆಂಪು ಬಂಡೆಯ ಮೇಲೆ ಕಪ್ಪೆ ಅರಭಟ್ಟನೆಂಬ ವೀರನ ಹೊಗಳಿಕೆಯಿದೆ. ಕೆತ್ತಿದ್ದು ಕ್ರಿ.ಶ. 700ರ ಸುಮಾರಿಗೆ. ಅದರಲ್ಲಿ ತ್ರಿಪದಿಗಳಿವೆ, ನಮಗೆ ಸಿಕ್ಕಿರುವ ತ್ರಿಪದಿಗಳಲ್ಲಿ ಅವೇ ಅತಿ ಹಳೆಯವು. ವಿಜಯಪುರ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಅವರ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡ ‘ಗರತಿಯ ಹಾಡು’ ಪುಸ್ತಕವಾದದ್ದು 1931ರಲ್ಲಿ. ಅಲ್ಲಿರುವುದೂ ತ್ರಿಪದಿಯೇ. ನಡುವೆ 1,200ಕ್ಕೂ ಹೆಚ್ಚು ವರ್ಷ!

ಹನ್ನೊಂದು ಗಣಗಳ ಆ ಕಟ್ಟು ಅಷ್ಟು ದೂರ ನಡೆದು ಬಂದದ್ದು ಹೇಗೆ? ಬೀಸುವ ಕಲ್ಲಿನ ಮುಂದೆ ಕೂತು ಅದನ್ನು ಹಾಡುವಾಕೆಗೆ ಗಣ ಎಂದರೇನೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ತಾಯಿ ಹಾಡುತ್ತಿದ್ದಳು, ಮಗಳು ಪಕ್ಕದಲ್ಲಿ ಕೂತು ಕೇಳಿದಳು, ಅಷ್ಟೇ.

ಕೋಳಿ ಕೂಗುವ ಹೊತ್ತಿಗೆ ಜೋಳ ಬೀಸುತ್ತ ಕೂತವಳ ಹಾಡಿನಲ್ಲಿ ಏನೆಲ್ಲ ಬಂದು ಹೋಗುತ್ತದೆ! ತವರಿನ ದಾರಿ, ಕರೆಯಲು ಬರುವ ಅಣ್ಣ, ತೊಟ್ಟಿಲ ಕೂಸು, ಅತ್ತೆಮನೆಯಲ್ಲಿ ಯಾರ ಮುಂದೆಯೂ ಆಡಲಾಗದ ನೋವು. ಹಗಲು ಎದುರು ನಿಂತು ಆಡಿದ್ದರೆ ಅದೇ ಜಗಳವಾಗುತ್ತಿತ್ತು. ಹಾಡಿದರೆ ಮನೆಯವರು ಮಲಗಿದಲ್ಲೇ ಕೇಳಿಸಿಕೊಳ್ಳಬೇಕು. ಎರಡನೆಯ ಸಾಲು ಹಾಡಿನಲ್ಲಿ ಮರಳಿ ಬರುತ್ತದೆ. ಮೂರನೆಯದು ಮನಸ್ಸಿನಲ್ಲಿ ಕೂಡಿಬರಲು ಆ ಬಿಡುವು ಸಾಕು. ಸಾಹಿತ್ಯ ಮನುಷ್ಯರಿಗೆ ಮಾಡಿದ ಉಪಕಾರಗಳಲ್ಲಿ ಇದಕ್ಕಿಂತ ದೊಡ್ಡದು ನನಗೆ ಕಾಣದು.

ಅದೇ ಛಂದಸ್ಸಿನಲ್ಲಿ ಸರ್ವಜ್ಞ ಊರೂರಿನ ಡಂಭವನ್ನು ಬಯಲಿಗೆಳೆದ. ಅಕ್ಕಮಹಾದೇವಿಯ ‘ಯೋಗಾಂಗ ತ್ರಿವಿಧಿ’ಯೂ ಅದರಲ್ಲೇ ಇದೆ. ವೀರನ ಪ್ರಶಸ್ತಿಗೂ ಯೋಗದ ದಾರಿಗೂ ಕೂಸಿನ ಅಳುವಿಗೂ ಮೂರೇ ಸಾಲು ಸಾಕಾದವಲ್ಲ!

ಅರಭಟ್ಟನ ಹೆಸರು ಕಲ್ಲಿನಲ್ಲಿ ಉಳಿಯಿತು, ಆ ಪದ್ಯ ಕಟ್ಟಿದವರ ಹೆಸರಿಲ್ಲ. ಗರತಿಯರ ಹೆಸರುಗಳೂ ಇಲ್ಲ. ಕವಿಗಳ ಹೆಸರು, ಕೃತಿಗಳ ಪಟ್ಟಿ ಓದಿಯೇ ಸಾಹಿತ್ಯ ಚರಿತ್ರೆ ಬಲ್ಲೆವು ಎನ್ನುವ ನಮಗೆ, ಹೆಸರಿಲ್ಲದವರ ಈ ಪಾಲು ಎಷ್ಟು ದೊಡ್ಡದೆಂಬ ಅಂದಾಜೂ ಸಿಗುವುದಿಲ್ಲ. ಊರಿಗೆ ಹಿಟ್ಟಿನ ಗಿರಣಿ ಬಂತು, ಬೀಸುವ ಕಲ್ಲು ಮೂಲೆ ಸೇರಿತು. ಹಲಸಂಗಿಯ ಗೆಳೆಯರು ಅಷ್ಟರೊಳಗೆ ಬರೆದುಕೊಂಡದ್ದು ನಮ್ಮ ಪುಣ್ಯ.

ಆದರೆ ಈ ಪಾಲನ್ನು ಗುರುತಿಸಿದವರಲ್ಲಿ ಅವರು ಮೊದಲಿಗರಲ್ಲ. 850ರ ಸುಮಾರಿಗೆ, ನೃಪತುಂಗನ ಆಸ್ಥಾನದ ಶ್ರೀವಿಜಯ ‘ಕವಿರಾಜಮಾರ್ಗ’ದಲ್ಲಿ, ಓದಿ ಕಲಿಯದೆಯೂ ಕಾವ್ಯ ಕಟ್ಟಬಲ್ಲವರು ಈ ನಾಡಿನ ಜನ ಎಂದು ಮೆಚ್ಚಿ ಹೇಳಿದ್ದ. ಅರಮನೆಯ ಪಂಡಿತನಿಗೆ ಅಷ್ಟು ಖಾತ್ರಿ ಎಲ್ಲಿಂದ ಬಂತು? ಯಾವ ಹಳ್ಳಿಯ ಯಾವ ಹೆಂಗಸಿನ ಹಾಡು ಅವನ ಕಿವಿಗೆ ಬಿದ್ದಿತ್ತೋ!