ಅಂಟಿದ್ದನ್ನು ಬಿಡಿಸುವ ಬಗೆ

ಹಲಸಿನ ಹಣ್ಣಿಗೆ ಕತ್ತಿ ಹಾಕುವ ಮೊದಲು ಅಂಗೈಗೂ ಅಲಗಿಗೂ ತೆಂಗಿನೆಣ್ಣೆ ಸವರಿಕೊಳ್ಳಬೇಕೆಂದು ಮೊದಲು ಕಂಡುಕೊಂಡವರು ಯಾರಿರಬಹುದು? ಹೆಸರು ಉಳಿಯದ ಆ ಜೀವವನ್ನು ನಾನು ಎಷ್ಟೋ ಸಲ ನೆನೆದಿದ್ದೇನೆ. ಮೇಣ ಹತ್ತಿದ ಕೈಯನ್ನು ಮೊದಲು ನೀರಿನಲ್ಲೇ ತೊಳೆದಿರಬೇಕು. ಆಗಿರಲಿಕ್ಕಿಲ್ಲ. ಒಲೆಬೂದಿ ಹಾಕಿ ಉಜ್ಜಿರಬೇಕು. ಬೂದಿಯೂ ಮೇಣಕ್ಕೇ ಹತ್ತಿಕೊಂಡು ಕೈ ಇನ್ನಷ್ಟು ಕಪ್ಪಾಗಿರಬೇಕು. ಆಮೇಲೆ ಯಾವತ್ತೋ ಒಂದು ದಿನ ತಲೆಗೆ ಹಚ್ಚುವ ಎಣ್ಣೆ ಕೈಗೆ ತಾಕಿ, ಅಷ್ಟು ಹೊತ್ತು ಹಟ ಹಿಡಿದಿದ್ದ ಮೇಣ ತಾನಾಗಿಯೇ ಜಾರತೊಡಗಿದ್ದನ್ನು ಕಂಡು ಬೆರಗಾಗಿರಬೇಕು. ಜಿಡ್ಡನ್ನು ಜಿಡ್ಡೇ ತೆಗೆಯುತ್ತದೆ ಎಂದರೆ ಕೇಳಿದ ಕೂಡಲೇ ನಂಬುವ ಮಾತಲ್ಲ. ಆದರೂ ಮಲೆನಾಡಿನಲ್ಲಿ, ಕರಾವಳಿಯಲ್ಲಿ ಯಾವ ಮಗುವಿಗೂ ಇದನ್ನು ಯಾರೂ ಪಾಠ ಹೇಳಿಕೊಟ್ಟಿಲ್ಲ. ನೋಡಿ ನೋಡಿಯೇ ಕಲಿತದ್ದು.

ಇದರ ಹಿಂದಿನ ಕಾರಣ ತಿಳಿದ ಮೇಲೆ ನನ್ನ ಬೆರಗು ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಹಲಸಿನ ಹಾಲು ತೊಟ್ಟಿನಿಂದ ಒಸರುವಾಗ ನೀರಿನೊಳಗೆ ತೇಲುವ ಅತಿ ಸಣ್ಣ ಹನಿಗಳ ಸಮೂಹ. ರಾಳ ಮತ್ತು ರಬ್ಬರಿನ ಜಾತಿಗೆ ಸೇರಿದ ವಸ್ತು ಆ ಹನಿಗಳಲ್ಲಿದೆ. ಗಾಳಿಗೆ ಬಿದ್ದು ನೀರು ಆರುತ್ತಲೇ ಹನಿಗಳು ಒಂದಕ್ಕೊಂದು ಸೇರಿ ಎಳೆಯಾಗುತ್ತವೆ. ಆ ಎಳೆಗೂ ನೀರಿಗೂ ಇನ್ನು ಮಾತುಕತೆಯಿಲ್ಲ. ಎಣ್ಣೆ ಮಾತ್ರ ಅದರ ಕುಲದ್ದೇ. ಎರಡೂ ಇಂಗಾಲ ಜಲಜನಕಗಳ ಉದ್ದುದ್ದ ಸರಪಳಿಗಳಿಂದಾದವು. ಎಣ್ಣೆಯ ಅಣುಗಳು ಮೇಣದ ಸರಪಳಿಗಳ ನಡುವೆ ನುಸುಳಿ, ಅವುಗಳನ್ನು ಒಂದರಿಂದೊಂದು ದೂರ ಸರಿಸಿ, ಸಡಿಲ ಮಾಡಿಬಿಡುತ್ತವೆ. ರಸಾಯನಶಾಸ್ತ್ರದ ಒಂದು ಮೂಲ ನಿಯಮ ನಮ್ಮ ಹಿತ್ತಿಲ ಜಗಲಿಯಲ್ಲಿ ತಲೆಮಾರುಗಳಿಂದ ನಡೆದುಕೊಂಡು ಬಂದಿದೆ.

ಹೊಸ ಸ್ಟೀಲು ಪಾತ್ರೆಯ ಮೇಲಿನ ಸ್ಟಿಕ್ಕರನ್ನೂ ಹೀಗೇ ನೋಡಬೇಕು. ಮದುವೆಗೋ ಗೃಹಪ್ರವೇಶಕ್ಕೋ ಬಂದ ಪಾತ್ರೆಯ ಕಾಗದ ಅರ್ಧ ಕಿತ್ತು ಬಂದು, ಉಳಿದರ್ಧ ಬೂದು ಬಣ್ಣದ ಅಂಟಾಗಿ ಉಳಿದು, ಅದರ ಮೇಲೆ ಧೂಳು ಕೂತು ಕಪ್ಪು ಕಲೆಯಾಗದ ಮನೆ ಇದೆಯೇ? ಬಹಳ ಜನ ಉಗುರು ಹಾಕಿ ಕೆರೆಯುತ್ತಾರೆ, ತಂತಿಯ ಜುಂಗು ಹಾಕಿ ಉಜ್ಜುತ್ತಾರೆ, ಸಿಟ್ಟು ಬಂದರೆ ಗ್ಯಾಸಿನ ಉರಿಯ ಮೇಲೆಯೇ ಹಿಡಿಯುತ್ತಾರೆ. ಉರಿಗೆ ಕಾಗದ ಸುಟ್ಟು ಅಂಟು ಕರಕಲಾದರೆ ಅದನ್ನು ತೆಗೆಯುವುದು ಮೊದಲಿಗಿಂತ ಕಷ್ಟ. ಪಾತ್ರೆಯೊಳಗೆ ಬಿಸಿನೀರು ಹೊಯ್ದು ಸ್ವಲ್ಪ ಹೊತ್ತು ಬಿಟ್ಟರೆ ಶಾಖ ಲೋಹದ ಮೂಲಕ ಹಿಂದಿನಿಂದ ಬಂದು ಅಂಟನ್ನು ಮುಟ್ಟುತ್ತದೆ. ಆಗ ಒಂದು ಮೂಲೆ ಎಬ್ಬಿಸಿ, ಪಾತ್ರೆಗೆ ಒರಗಿದಂತೆಯೇ ಮೆಲ್ಲಗೆ ಎಳೆದರೆ ಕಾಗದ ಬಹುಮಟ್ಟಿಗೆ ಇಡಿಯಾಗಿ ಬರುತ್ತದೆ. ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಹಚ್ಚಿ ಬೇರೆ ಕೆಲಸ ನೋಡಿಕೊಳ್ಳಬಹುದು. ನೀಲಗಿರಿ ಎಣ್ಣೆಯಾದರೆ ಇನ್ನೂ ಬೇಗ. ಮರಳಿ ಬಂದು ಬಟ್ಟೆಯಲ್ಲಿ ಒರೆಸಿದರೆ ಅಂಟು ಉರುಳೆಯಾಗಿ ಬರುತ್ತದೆ. ಕೊನೆಗೆ ಸೋಪು ಹಾಕಿ ತೊಳೆಯಬೇಕು, ಇಲ್ಲದಿದ್ದರೆ ಎಣ್ಣೆಯೇ ಇನ್ನೊಂದು ಕಲೆ. ಇಷ್ಟರಲ್ಲಿ ಎಲ್ಲಿಯೂ ಬಲ ಬೇಕಾಗಲಿಲ್ಲ, ಬೇಕಾದದ್ದು ಕಾಯುವ ವ್ಯವಧಾನ.

ಆದರೆ ಆ ಅಂಟು ಕಾಗದವನ್ನು ಬಿಟ್ಟು ಪಾತ್ರೆಯನ್ನು ಯಾಕೆ ಅಷ್ಟು ನೆಚ್ಚಿಕೊಂಡಿತು? ಹೊಳೆಯುವ ಸ್ಟೀಲು ನಮ್ಮ ಕಣ್ಣಿಗೆ ಮಾತ್ರ ನುಣುಪು. ಸೂಕ್ಷ್ಮದರ್ಶಕದಡಿ ಅದು ಕೊಡಚಾದ್ರಿಯ ತುದಿಯಿಂದ ಕಾಣುವ ಬೆಟ್ಟಸಾಲಿನ ಹಾಗೆ, ಬರೀ ಏರು ಇಳಿವು. ಎರಡು ಗಟ್ಟಿ ವಸ್ತುಗಳನ್ನು ಒಂದರ ಮೇಲೊಂದು ಇಟ್ಟರೆ ಅವು ನಿಜಕ್ಕೂ ತಾಕುವುದು ಕೆಲವೇ ಶಿಖರಗಳಲ್ಲಿ. ಮಿಕ್ಕೆಲ್ಲ ಕಡೆ ನಡುವೆ ಗಾಳಿ. ಅಣುಗಳು ಒಂದನ್ನೊಂದು ಸೆಳೆಯುವ ಶಕ್ತಿ ಎಲ್ಲ ವಸ್ತುಗಳಲ್ಲೂ ಇದೆ. ಆದರೆ ಆ ಸೆಳೆತ ಕೂದಲೆಳೆಯ ಸಾವಿರದಲ್ಲೊಂದು ಪಾಲಿನಷ್ಟು ದೂರವನ್ನೂ ದಾಟಲಾರದು. ಅಂಟು ಮಾಡುವ ಕೆಲಸ ಇಷ್ಟೇ: ದ್ರವವಾಗಿ ಹರಿದು ಎಲ್ಲ ಕಣಿವೆಗಳನ್ನೂ ತುಂಬಿ, ಆ ದೂರವನ್ನು ಇಲ್ಲವಾಗಿಸುವುದು. ಶಾಲೆಯಲ್ಲಿ ಫೆವಿಕಾಲನ್ನು ಅಂಗೈಗೆ ಸವರಿ, ಒಣಗಿದ ಮೇಲೆ ಪೊರೆಯಂತೆ ಎಬ್ಬಿಸಿದವರಿಗೆಲ್ಲ ಇದು ಗೊತ್ತು. ಆ ತೆಳು ಪೊರೆಯನ್ನು ಬೆಳಕಿಗೆ ಹಿಡಿದರೆ ಕೈಯ ಗೆರೆಗಳೆಲ್ಲ ಅದರಲ್ಲಿ ಅಚ್ಚಾಗಿರುತ್ತವೆ. ಅಷ್ಟು ಹತ್ತಿರ ಹೋಗಿರುತ್ತದೆ ಅದು. ಹಾಲಿನಷ್ಟು ಬೆಳ್ಳಗಿದ್ದದ್ದು ಪಾರದರ್ಶಕವಾಗುವುದೂ ಅದೇ ಹೊತ್ತಿಗೆ. ನೀರಿನಲ್ಲಿ ಬೇರೆ ಬೇರೆಯಾಗಿ ತೇಲುತ್ತ ಬೆಳಕನ್ನು ಚದುರಿಸುತ್ತಿದ್ದ ಹನಿಗಳು, ನೀರು ಆರಿದಾಗ ಕೂಡಿ ಒಂದೇ ಪೊರೆಯಾಗುವುದರಿಂದ ಹಾಗಾಗುತ್ತದೆ. ಈ ಅಂಟು ಮೇಜಿಗೋ ನೆಲಕ್ಕೋ ಬಿದ್ದರೆ ಹಸಿಯಿರುವಾಗಲೇ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಒಣಗಿದ್ದಾದರೆ ಬೆಚ್ಚನೆಯ ನೀರಿನ ಬಟ್ಟೆ ಹಾಸಿಟ್ಟು ಮೆತ್ತಗಾಗಿಸಬೇಕು.

ಸ್ಟಿಕ್ಕರಿನ ಅಂಟಾದರೋ ಎಂದೂ ಒಣಗುವುದಿಲ್ಲ. ವರ್ಷಗಟ್ಟಲೆ ಅರೆದ್ರವವಾಗಿಯೇ ಉಳಿಯುವಂತೆ ಅದನ್ನು ಮಾಡಿರುತ್ತಾರೆ. ಬಚ್ಚಲುಮನೆಯ ಕನ್ನಡಿಯಂಚಿನಲ್ಲಿ ಸಾಲಾಗಿ ಕೂತ ಸ್ಟಿಕ್ಕರ್ ಬೊಟ್ಟುಗಳನ್ನು ನೋಡಿ. ರಾತ್ರಿ ಹಣೆಯಿಂದ ಕನ್ನಡಿಗೆ, ಬೆಳಿಗ್ಗೆ ಕನ್ನಡಿಯಿಂದ ಹಣೆಗೆ ಹೋಗಿಬರುವುದು ಆ ಒಣಗದ ಗುಣದಿಂದಲೇ. ಕನ್ನಡಿಯ ಮೇಲೆ ಉಳಿದ ದುಂಡನೆಯ ಗುರುತು ಎಣ್ಣೆಗೋ ಸ್ಪಿರಿಟ್ಟಿಗೋ ಹೋದೀತು. ಹಣೆಯ ಗುರುತಿನ ವಿಷಯ ಅಷ್ಟು ಹಗುರವಲ್ಲ. ಬೊಟ್ಟಿನ ಕೆಲವು ಅಂಟುಗಳಲ್ಲಿರುವ ಪ್ಯಾರಾ ಟರ್ಷಿಯರಿ ಬ್ಯೂಟೈಲ್‌ಫೀನಾಲ್ ಎಂಬ ರಾಸಾಯನಿಕ, ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನೇ ಹಾಳುಮಾಡಬಲ್ಲದು. ಬೊಟ್ಟಿಡುವ ಜಾಗದಲ್ಲೇ ಬಿಳಿ ಮಚ್ಚೆ ಮೂಡುವುದನ್ನು ನಮ್ಮ ದೇಶದ ಚರ್ಮವೈದ್ಯರು ದಶಕಗಳಿಂದ ದಾಖಲಿಸುತ್ತ ಬಂದಿದ್ದಾರೆ. ಹಣೆ ತುರಿಸಿದರೆ, ಕೆಂಪಾದರೆ, ಆ ದಿನವೇ ಸ್ಟಿಕ್ಕರ್ ಬಿಟ್ಟು ವೈದ್ಯರಿಗೆ ತೋರಿಸುವುದು ಒಳ್ಳೆಯದು. ತುರಿಕೆಯನ್ನು ಸಣ್ಣದೆಂದು ಸುಮ್ಮನಿದ್ದು, ಮಚ್ಚೆಯಾದ ಮೇಲೆ ನಾಲ್ಕು ಜನರ ಕಣ್ಣು ತಪ್ಪಿಸಿ ಓಡಾಡುವ ಹೆಂಗಸರನ್ನು ನೆನೆದರೆ ಸಂಕಟವಾಗುತ್ತದೆ.

ಇದುವರೆಗಿನ ಅಂಟುಗಳು ಹೇಗೋ ನಮ್ಮ ಊಹೆಗೆ ನಿಲುಕುತ್ತವೆ. ನೀರು ಹೋದರೆ ಗಟ್ಟಿ, ಎಣ್ಣೆ ಬಂದರೆ ಸಡಿಲ. ಫೆವಿಕ್ವಿಕ್ ಜಾತಿಯ ಅಂಟು ಇದನ್ನೆಲ್ಲ ತಲೆಕೆಳಗು ಮಾಡುತ್ತದೆ. ಸಯನೊಅಕ್ರಿಲೇಟ್ ಎಂಬ ಆ ದ್ರವ ಗಟ್ಟಿಯಾಗುವುದು ನೀರು ಹೋಗಿ ಅಲ್ಲ, ನೀರು ಸಿಕ್ಕಿ. ಒಣಗಿದೆಯೆಂದು ನಾವು ತಿಳಿದ ಎಲ್ಲ ವಸ್ತುವಿನ ಮೇಲೂ, ಗಾಜಿನ ಮೇಲೂ, ಗಾಳಿಯ ತೇವ ಕಣ್ಣಿಗೆ ಕಾಣದ ಪದರವಾಗಿ ಕೂತಿರುತ್ತದೆ. ಅಂಟಿನ ಅಣುಗಳು ಸರಪಳಿ ಕಟ್ಟತೊಡಗಲು ಅಷ್ಟು ತೇವವೇ ಸಾಕು. ಕೊಳವೆಯೊಳಗೆ ತುಸು ಆಮ್ಲ ಸೇರಿಸಿ ಅದನ್ನು ತಡೆದಿಟ್ಟಿರುತ್ತಾರೆ. ಹೊರಗೆ ಬಂದ ಕ್ಷಣ ಆ ತಡೆ ಮುಗಿಯಿತು. ನಮ್ಮ ಬೆರಳಿನಲ್ಲಿ ಸದಾ ಬೆವರಿನ ಪಸೆ ಇರುವುದರಿಂದಲೇ ಅದು ಒಡೆದ ಕಪ್ಪಿನ ಹಿಡಿಗಿಂತ ಬೇಗ ಬೆರಳಿಗೆ ಹತ್ತುತ್ತದೆ.

ಇದು ಸಿಕ್ಕಿದ ಕಥೆಯೂ ಅಷ್ಟೇ ಸೊಗಸು. 1942ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಅಮೆರಿಕದ ಈಸ್ಟ್‌ಮನ್ ಕೊಡಾಕ್ ಕಂಪನಿಯ ಹ್ಯಾರಿ ಕೂವರ್ ಬಂದೂಕಿನ ಗುರಿನೋಟಕ್ಕೆ ಸ್ವಚ್ಛವಾದ ಪ್ಲಾಸ್ಟಿಕ್ ಹುಡುಕುತ್ತಿದ್ದರು. ಈ ವಸ್ತು ಮುಟ್ಟಿದ್ದಕ್ಕೆಲ್ಲ ಹತ್ತುತ್ತದೆ, ಪ್ರಯೋಜನವಿಲ್ಲ ಎಂದು ಬದಿಗಿಟ್ಟರು. 1951ರಲ್ಲಿ ಅವರ ಜೊತೆಗಾರ ಫ್ರೆಡ್ ಜಾಯ್ನರ್ ಅದೇ ಕುಟುಂಬದ ಒಂದು ದ್ರವವನ್ನು, ಬೆಳಕು ಅದರಲ್ಲಿ ಎಷ್ಟು ಬಾಗುತ್ತದೆಂದು ಅಳೆಯಲು, ಬೆಲೆಬಾಳುವ ಉಪಕರಣದ ಎರಡು ಪಟ್ಟಕಗಳ ನಡುವೆ ಹಾಕಿದರು. ಪಟ್ಟಕಗಳು ಬಿಡಲೇ ಇಲ್ಲ. ಒಂಬತ್ತು ವರ್ಷ ದೋಷವೆಂದು ಕಂಡದ್ದು ಆ ಹೊತ್ತಿಗೆ ಕೂವರ್ ಅವರಿಗೆ ಗುಣವಾಗಿ ಕಂಡಿತು. 1958ರಲ್ಲಿ ಅದು ಮಾರುಕಟ್ಟೆಗೆ ಬಂತು. ಮುಂದೆ ವಿಯೆಟ್ನಾಂ ಯುದ್ಧದಲ್ಲಿ ಗಾಯಾಳುಗಳ ರಕ್ತಸ್ರಾವ ನಿಲ್ಲಿಸಲು ಸಿಂಪಡಿಸಿದ್ದೂ ಇದೇ ಬಳಗದ ದ್ರವವನ್ನು. ಇಂದು ಆಸ್ಪತ್ರೆಗಳಲ್ಲಿ ಮಕ್ಕಳ ಹಣೆಯ ಗಾಯವನ್ನು ಹೊಲಿಗೆಯಿಲ್ಲದೆ ಕೂಡಿಸುವ ಅಂಟು ಇದರ ಸೌಮ್ಯ ಸೋದರ. ಅಂಗಡಿಯಲ್ಲಿ ಸಿಗುವುದನ್ನು ಮಾತ್ರ ಗಾಯಕ್ಕೆ ಹಚ್ಚಬಾರದು. ಅದು ಚರ್ಮವನ್ನು ಕೆರಳಿಸುತ್ತದೆ, ಗಟ್ಟಿಯಾಗುವಾಗ ಬಿಸಿಯನ್ನೂ ಬಿಡುತ್ತದೆ.

ಆ ಬಿಸಿಯ ಬಗ್ಗೆ ಎಲ್ಲರಿಗೂ ತಿಳಿದಿರಬೇಕು ಎಂದು ನನ್ನ ಆಸೆ. ಚೆಲ್ಲಿದ ಫೆವಿಕ್ವಿಕ್ಕನ್ನು ಹತ್ತಿ ಬಟ್ಟೆಯಲ್ಲಿ ಒರೆಸಲು ಹೋದರೆ ಹತ್ತಿಯ ನೂಲುಗಳ ಮೇಲೆ ಅದು ಒಮ್ಮೆಲೇ ಗಟ್ಟಿಯಾಗುತ್ತದೆ, ಬಟ್ಟೆ ಹೊಗೆಯಾಡುವಷ್ಟು ಕಾಯಬಹುದು, ಕೈ ಸುಡಬಹುದು. ಬೆರಳುಗಳು ಅಂಟಿಕೊಂಡರೆ ಜಗ್ಗಬಾರದು. ಜಗ್ಗಿದರೆ ಸೋಲುವುದು ಚರ್ಮ. ಬೆಚ್ಚನೆಯ ಸೋಪುನೀರಿನಲ್ಲಿ ಅದ್ದಿಟ್ಟು, ಬೆರಳುಗಳನ್ನು ಒಂದರ ಮೇಲೊಂದು ಉರುಳಿಸುತ್ತ ಬಿಡಿಸಬೇಕು. ಉಗುರುಬಣ್ಣ ತೆಗೆಯುವ ಅಸಿಟೋನು ಅದನ್ನು ಕರಗಿಸುತ್ತದೆ, ಆದರೆ ಅದು ಬೆಂಕಿಗೆ ಬಹಳ ಹತ್ತಿರದ್ದು, ಒಲೆಯ ಬಳಿ ತರಲೇಬಾರದು. ಕಣ್ಣಿಗೆ, ತುಟಿಗೆ ಬಿದ್ದರೆ ಅಸಿಟೋನಿನ ಯೋಚನೆಯೇ ಬೇಡ. ನೀರು ಹಾಕುತ್ತ, ರೆಪ್ಪೆಗಳನ್ನು ಬಲವಂತದಿಂದ ಬಿಡಿಸದೆ, ವೈದ್ಯರಲ್ಲಿಗೆ ಹೋಗಬೇಕು. ಕಣ್ಣಿನ ಔಷಧದ ಪುಟ್ಟ ಬಾಟಲಿಯ ಪಕ್ಕದಲ್ಲಿ ಈ ಅಂಟನ್ನು ಇಡಲೂ ಬಾರದು. ರಾತ್ರಿಯ ಮಂಕು ಬೆಳಕಿನಲ್ಲಿ ಒಂದರ ಬದಲು ಇನ್ನೊಂದು ಕೈಗೆ ಬಂದ ಪ್ರಸಂಗಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಎಷ್ಟೋ ಇವೆ.

ಕರಗಿಸುವ ದ್ರವ ಅಂಟನ್ನಷ್ಟೇ ಕರಗಿಸುತ್ತದೆ ಎಂಬ ಭರವಸೆಯಿಲ್ಲ. ಅಸಿಟೋನು, ಥಿನ್ನರು ಎಷ್ಟೋ ಬಗೆಯ ಪ್ಲಾಸ್ಟಿಕ್ಕನ್ನು ಮಂಕಾಗಿಸುತ್ತವೆ. ಸ್ಪಿರಿಟ್ಟು ಹಳೆಯ ಮರದ ಬೀರುವಿನ ಹೊಳಪನ್ನೇ ತೆಗೆದುಬಿಡಬಹುದು, ಯಾಕೆಂದರೆ ಆ ಪಾಲಿಶ್ ಅರಗಿನದು, ಅರಗು ಸ್ಪಿರಿಟ್ಟಿನಲ್ಲಿ ಕರಗುವಂಥದ್ದು. ಚನ್ನಪಟ್ಟಣದ ಬೊಂಬೆಯ ಬಣ್ಣವೂ ಅರಗೇ. ಮರದ ರೆಂಬೆಗಳಿಗೆ ಹತ್ತಿಕೊಂಡು ಬದುಕುವ ಸಣ್ಣ ಕೀಟವೊಂದು ತನ್ನ ರಕ್ಷಣೆಗೆ ಸ್ರವಿಸಿದ ರಾಳ, ತಿರುಗುವ ಮರಕ್ಕೆ ಒತ್ತಿ ಹಿಡಿದಾಗ ತಿಕ್ಕಾಟದ ಬಿಸಿಗೆ ಕರಗಿ, ಮಗುವಿನ ಕೈಯ ಬುಗುರಿಗೆ ಕೆಂಪಾಗಿ ಹತ್ತುತ್ತದೆ. ಅದರ ಮೇಲೆ ಬೆಲೆಚೀಟಿಯ ಅಂಟು ಉಳಿದಿದ್ದರೆ ಒಂದು ತೊಟ್ಟು ಎಣ್ಣೆ ಸಾಕು. ಯಾವ ದ್ರವವಾದರೂ ಮೊದಲು ಕಾಣದ ಮೂಲೆಯಲ್ಲಿ ಹಚ್ಚಿ ನೋಡಬೇಕು.

ಸೈಕಲ್ ಅಂಗಡಿಯ ಸೊಲ್ಯೂಷನ್ನಿನ ಬಗ್ಗೆ ಬರೆಯುವಾಗ ಮನಸ್ಸು ಭಾರವಾಗುತ್ತದೆ. ಟ್ಯೂಬನ್ನು ಉಜ್ಜಿ, ಸೊಲ್ಯೂಷನ್ ಹಚ್ಚಿ, ಆರುವವರೆಗೆ ಕಾದು, ಆಮೇಲೆ ತೇಪೆ ಒತ್ತುವ ಆ ಕಸುಬಿನಲ್ಲಿ ಎಂಥ ತಾಳ್ಮೆಯಿದೆ! ಆರಲು ಬಿಟ್ಟಾಗ ಗಾಳಿಗೆ ಹೋಗುವ ಆವಿಯಲ್ಲಿ ಟಾಲೂಯಿನ್‌ನಂಥ ದ್ರಾವಕಗಳಿರುತ್ತವೆ. ಅದನ್ನೇ ಬಟ್ಟೆಗೆ ಸುರಿದು ಮೂಸುವ ಮಕ್ಕಳು ನಮ್ಮ ರೈಲು ನಿಲ್ದಾಣಗಳಲ್ಲಿ, ಸೇತುವೆಗಳ ಕೆಳಗೆ ಇದ್ದಾರೆ. ಅದು ಹಸಿವನ್ನು ಮರೆಸುತ್ತದೆ, ಮಿದುಳನ್ನು ತಿನ್ನುತ್ತದೆ, ಕೆಲವೊಮ್ಮೆ ಹೃದಯದ ಲಯ ತಪ್ಪಿಸಿ ನಿಂತ ನಿಲುವಿನಲ್ಲೇ ಕೊಲ್ಲುತ್ತದೆ. ಮನೆಯಲ್ಲಿ ಸನ್‌ಮೈಕಾ ಹಚ್ಚುವಾಗ, ಚಪ್ಪಲಿ ಅಂಟಿಸುವಾಗ ಕಿಟಕಿ ತೆರೆದಿರಲಿ, ದೇವರ ದೀಪ ಆರಿರಲಿ, ಡಬ್ಬಿ ಮಕ್ಕಳ ಕೈಗೆ ಎಟುಕದಿರಲಿ.

ಒಂದೂ ಕಲೆ ಬಿಡದ ಅಂಟು ಇಲ್ಲವೇ ಎಂದು ಕೇಳಿದರೆ ಗೋಡೆಯ ಮೇಲಿನ ಹಲ್ಲಿಯನ್ನು ತೋರಿಸಬೇಕು. ಅದರ ಪಾದದಲ್ಲಿ ಯಾವ ಅಂಟೂ ಇಲ್ಲ. ಟೊಕೇ ಎಂಬ ದೊಡ್ಡ ಹಲ್ಲಿಯ ಒಂದೊಂದು ಪಾದದಲ್ಲಿ ಸುಮಾರು ಐದು ಲಕ್ಷ ನವಿರಾದ ರೋಮಗಳಿವೆ. ಪ್ರತಿ ರೋಮದ ತುದಿ ನೂರಾರು ಕವಲೊಡೆದು, ಕವಲಿನ ಕೊನೆ ಮಿಲಿಮೀಟರಿನ ಐದು ಸಾವಿರದಲ್ಲೊಂದು ಪಾಲಿನಷ್ಟು ಕಿರಿದಾಗುತ್ತದೆ. ದ್ರವ ಹರಿದು ತಲುಪುವ ಕಣಿವೆಗಳಿಗೆ ಈ ಕವಲುಗಳು ತಾವೇ ಇಳಿಯುತ್ತವೆ. ಅಣುಗಳ ನಡುವಿನ ಆ ಸಾಮಾನ್ಯ ಸೆಳೆತವೇ ಹಲ್ಲಿಯನ್ನು ಚಾವಣಿಗೆ ಹಿಡಿದಿಡುತ್ತದೆ ಎಂದು ಕೆಲರ್ ಆಟಮ್ ಮತ್ತು ಸಂಗಡಿಗರು 2002ರಲ್ಲಿ ತೋರಿಸಿದರು. ಬಿಡುವಾಗ ಬೆರಳನ್ನು ತುದಿಯಿಂದ ಹಿಂದಕ್ಕೆ ಸುರುಳಿ ಎತ್ತುತ್ತದೆ. ರೋಮ ಗೋಡೆಯೊಡನೆ ಮಾಡುವ ಕೋನ ಮೂವತ್ತು ಡಿಗ್ರಿ ದಾಟಿತೆಂದರೆ ಹಿಡಿತ ತಾನೇ ಕಳಚುತ್ತದೆ. ಸ್ಟಿಕ್ಕರಿನ ಮೂಲೆ ಎಬ್ಬಿಸಲು ನಾವು ಪಡುವ ಪಾಡನ್ನು ಅದು ಹುಳದ ಹಿಂದೆ ಓಡುತ್ತಲೇ, ಪ್ರತಿ ಹೆಜ್ಜೆಗೂ ಮುಗಿಸಿರುತ್ತದೆ.

ಈ ಪಾದವನ್ನು ಅನುಕರಿಸಿ 2003ರಲ್ಲಿ ಮ್ಯಾಂಚೆಸ್ಟರಿನಲ್ಲಿ ಟೇಪೊಂದನ್ನು ಮಾಡಿದವರ ಪೈಕಿ ಆಂದ್ರೆ ಗೈಮ್ ಒಬ್ಬರು. ಅದೇ ಪ್ರಯೋಗಶಾಲೆಯಲ್ಲಿ ಗ್ರಾಫೈಟಿನ ತುಂಡುಗಳನ್ನು ಶುಚಿ ಮಾಡಲು ಸಾಧಾರಣ ಸೆಲ್ಲೋಟೇಪ್ ಹಚ್ಚಿ ಕಿತ್ತು ಎಸೆಯುತ್ತಿದ್ದರು. ಕಸದ ಬುಟ್ಟಿಗೆ ಬಿದ್ದ ಆ ಟೇಪಿನ ಅಂಟಿನಲ್ಲಿ ಗ್ರಾಫೈಟಿನ ಪದರಗಳು ಉಳಿದಿದ್ದವು. ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಅವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು, ಟೇಪಿನಿಂದಲೇ ಮತ್ತೆ ಮತ್ತೆ ಸೀಳಿ ಇನ್ನಷ್ಟು ತೆಳುವಾಗಿಸಿದರು. ಕೊನೆಗೆ ಒಂದೇ ಪರಮಾಣುವಿನ ದಪ್ಪದ ಹಾಳೆ ಸಿಕ್ಕಿತು. ಅಂಥದ್ದು ಸ್ವತಂತ್ರವಾಗಿ ಉಳಿಯಲಾರದು ಎಂದು ಅಲ್ಲಿಯವರೆಗೆ ಬಹಳ ಮಂದಿ ವಿಜ್ಞಾನಿಗಳು ನಂಬಿದ್ದರು. ಗ್ರಾಫೀನ್ ಎಂದು ಕರೆಯುವ ಆ ಹಾಳೆಯ ಸುದ್ದಿ 2004ರಲ್ಲಿ ಪ್ರಕಟವಾಯಿತು, 2010ರಲ್ಲಿ ಇಬ್ಬರಿಗೂ ಭೌತಶಾಸ್ತ್ರದ ನೊಬೆಲ್ ಬಂತು.