ಗುಟ್ಟು ಯಾರನ್ನು ಕಾಯುತ್ತದೆ?

ವಿಜಯಪುರ, ಬಾಗಲಕೋಟೆ ಕಡೆಯವರು ಮಿರಜದ ದವಾಖಾನೆಗಳಿಗೆ ಬರುವುದಕ್ಕೆ ಅಲ್ಲಿಯ ವೈದ್ಯರ ಹೆಸರೊಂದೇ ಕಾರಣವಲ್ಲ. ಅಲ್ಲಿ ಗುರುತಿನವರು ಸಿಗಲಾರರೆಂಬ ಧೈರ್ಯವೂ ಇರುತ್ತದೆ. ಬುಧಗಾಂವದಂಥ ಹತ್ತಿರದ ಊರಿನವರಿಗೆ ಆ ಅನುಕೂಲವಿಲ್ಲ. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರೇ ಬೀಗರ ಊರಿನವರಾಗಿರುತ್ತಾರೆ. ಆದುದರಿಂದ ದವಾಖಾನೆಯ ಆಪ್ತ ಸಮಾಲೋಚಕಿಯ ಎದುರಿಗಾಗಲಿ, ಸಮಾಜ ಕಾರ್ಯಕರ್ತೆಯ ಎದುರಿಗಾಗಲಿ ಬಾಯಿ ಬಿಡುವ ಮೊದಲು ಮನುಷ್ಯ ಕೇಳುವುದು ಒಂದೇ ಮಾತು: ‘ಇದು ನಿಮ್ಮಲ್ಲೇ ಇರತದಲ್ರೀ, ಅಕ್ಕಾರ?’

ಇರುತ್ತದೆಂದು ಆಕೆ ಮಾತು ಕೊಡಬೇಕೆ?

ನಮ್ಮಲ್ಲಿ ಅಡತಿ ಅಂಗಡಿ ನಡೆಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಬ್ಬ ರೈತನ ಸಾಲದ ಖಾತೆಯನ್ನು ಇನ್ನೊಬ್ಬನ ಮುಂದೆ ತೆರೆದ ಅಂಗಡಿಗೆ ಮರುವರ್ಷ ಯಾರು ಅರಿಷಿಣ ತರುತ್ತಾರೆ? ಆದರೆ ದನದ ಸಂತೆಯಲ್ಲಿ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ದರ ಮಾಡುವುದೂ ಗುಟ್ಟೇ. ಅದರಲ್ಲಿ ಮಾರುವವನು ಎಷ್ಟೋ ಸಲ ಮೋಸ ಹೋಗಿದ್ದಾನೆ. ಖಾತೆಯ ಗುಟ್ಟು ಸಾಲಗಾರನ ಮಾನ ಕಾಯುತ್ತದೆ, ವಸ್ತ್ರದ ಗುಟ್ಟು ದಲಾಲನನ್ನು ಕಾಯುತ್ತದೆ.

ಸಾಂಗಲಿ ಜಿಲ್ಲೆಗೆ ಈ ಪ್ರಶ್ನೆ ಏಡ್ಸ್ ರೋಗದ ರೂಪದಲ್ಲಿ ಬಂದಿತು. 1992ರಿಂದ ಸಂಗ್ರಾಮ ಸಂಸ್ಥೆ ಇಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರ ನಡುವೆ ಕೆಲಸ ಮಾಡುತ್ತ ಬಂದಿದೆ. ಅವರಲ್ಲಿ ಕನ್ನಡ ಮಾತಾಡುವ ಹೆಣ್ಣುಮಕ್ಕಳು ಅನೇಕರು. ಇಂಥ ಕೆಲಸದಲ್ಲಿ ಒಂದು ಹೆಸರು ಹೊರಬಿದ್ದರೆ ನಾಳೆ ಪರೀಕ್ಷೆಗೆ ಯಾರೂ ಬಾರರು. ಬಾರದಿದ್ದರೆ ರೋಗ ಮನೆಮನೆಗೆ ಹೋಗುತ್ತದೆ. ಗುಟ್ಟು ಕಾಯುವುದು ಬರಿಯ ಸೌಜನ್ಯವಲ್ಲ, ರೋಗ ತಡೆಯುವ ದಾರಿಯೂ ಹೌದು.

ಆದರೂ ಮನೆಯಲ್ಲಿರುವ ಹೆಂಡತಿಯ ಗತಿಯೇನು? ಮದುವೆ ಗೊತ್ತಾಗಿದ್ದ ವೈದ್ಯರೊಬ್ಬರ ಸೋಂಕಿನ ವಿಷಯ ಆಸ್ಪತ್ರೆಯಿಂದ ಹೊರಬಿದ್ದು ಮದುವೆ ಮುರಿಯಿತು. ಆ ಮೊಕದ್ದಮೆಯಲ್ಲಿ 1998ರಲ್ಲಿ ಸುಪ್ರೀಂ ಕೋರ್ಟು ವರನ ಗೌಪ್ಯತೆಗಿಂತ ವಧುವಿನ ಜೀವ ದೊಡ್ಡದೆಂದಿತು. 2017ರ ಎಚ್.ಐ.ವಿ. ಕಾಯ್ದೆ ಇನ್ನೂ ಎಚ್ಚರದಿಂದ ಹೆಜ್ಜೆ ಇಟ್ಟಿದೆ. ವೈದ್ಯರು ಅಥವಾ ಸಮಾಲೋಚಕರು ಬಾಳಸಂಗಾತಿಗೆ ತಿಳಿಸಬಹುದು. ಆದರೆ ಸಂಗಾತಿಗೆ ನಿಜವಾದ ಅಪಾಯವಿರಬೇಕು, ‘ನೀವೇ ಹೇಳಿರಿ’ ಎಂದು ತಿಳಿಹೇಳಿಯೂ ಆತ ಹೇಳಲಾರನೆಂದು ಖಾತ್ರಿಯಾಗಿರಬೇಕು, ‘ನಾವು ಹೇಳುತ್ತೇವೆ’ ಎಂದು ಮೊದಲು ಆತನಿಗೇ ತಿಳಿಸಿರಬೇಕು. ಸೋಂಕು ಹೆಂಡತಿಗಿದ್ದು, ತಿಳಿದರೆ ಗಂಡ ಹೊಡೆದಾನು, ಹೊರಹಾಕಿಯಾನು ಎಂಬ ಭಯವಿದ್ದರೆ ಹೇಳಕೂಡದು. ಈಗಂತೂ ತಪ್ಪದೆ ಔಷಧಿ ತೆಗೆದುಕೊಂಡು ರಕ್ತದಲ್ಲಿ ವಿಷಾಣು ಪತ್ತೆಯಾಗದ ಮಟ್ಟಕ್ಕೆ ಇಳಿದವರಿಂದ ಸಂಗಾತಿಗೆ ದೈಹಿಕ ಸಂಬಂಧದಿಂದ ಸೋಂಕು ತಗಲುವುದಿಲ್ಲ; ಅಪಾಯ ಎಷ್ಟೆಂಬುದನ್ನೂ ತೂಗಿ ನೋಡಬೇಕಾಗಿದೆ.

ನಮ್ಮ ಹಿರಿಯರು ‘ಮನೆತನದ ಪ್ರಶ್ನೆ, ನಮ್ಮ ಕಿವಿಗೂ ಒಂದು ಮಾತು ಹಾಕಬಾರದೆ?’ ಎನ್ನುತ್ತಾರೆ. ಹಾಕಬಾರದೆಂದೇ ನಮ್ಮ ಅಭಿಪ್ರಾಯ. ಅಪಾಯ ಯಾರಿಗೋ ಅವರಿಗೆ ಮಾತ್ರ ತಿಳಿಯಬೇಕು. ಮಾವನಿಗೆ, ಪಂಚರಿಗೆ, ಕಟ್ಟೆಗೆ ಅದರಲ್ಲಿ ಪಾಲಿಲ್ಲ.

ಮಗುವಿನ ಮೈಮೇಲೆ ಕೈ ಹಾಕಿದ ಸಂಗತಿ ಬೇರೆ. ಅಲ್ಲಿ ಇದೇ ಹಿರಿಯರು ಬಾಯಿ ಮುಚ್ಚಿಸಲು ಮುಂದಾಗುತ್ತಾರೆ, ಮರ್ಯಾದೆಯ ಹೆಸರಿನಲ್ಲಿ. ಇದು ವಸ್ತ್ರದ ಮರೆಯ ಗುಟ್ಟು. 2012ರ ಪೋಕ್ಸೊ ಕಾಯ್ದೆಯಂತೆ ಗೊತ್ತಿರುವ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟವರಿಗೆ ಆರು ತಿಂಗಳವರೆಗೆ ಶಿಕ್ಷೆಯುಂಟು.

ಹಾಗಾಗಿ ಬಲ್ಲ ಕಾರ್ಯಕರ್ತೆ ಕೇಳುವ ಮೊದಲೇ ಹೇಳಿಬಿಡುತ್ತಾಳೆ: ‘ನೀವು ಹೇಳಿದ್ದು ನನ್ನಲ್ಲೇ ಇರತದರೀ. ಆದರ ಇನ್ನೊಬ್ಬರ ಜೀವಕ್ಕ ಕುತ್ತು ಬರೂದಿದ್ದರ, ಕೂಸಿನ ಮಾತಿದ್ದರ, ನಾ ಸುಮ್ಮನ ಕೂಡಾಕಿ ಅಲ್ಲ.’ ಇದನ್ನು ಕೇಳಿ ಕೆಲವರು ಎದ್ದು ಹೋಗುತ್ತಾರೆ. ಅವರಲ್ಲಿ ಸಹಾಯ ಬೇಕಿದ್ದವರೂ ಇರುತ್ತಾರೆ. ಆ ನಷ್ಟ ಸಣ್ಣದಲ್ಲ. ಆದರೂ ಎಲ್ಲವನ್ನೂ ಮುಚ್ಚಿಡುತ್ತೇನೆಂದು ನಂಬಿಸಿ, ಹೇಳಿಸಿಕೊಂಡ ಮೇಲೆ ಮಾತು ಮುರಿಯುವುದಕ್ಕಿಂತ ನಾವು ಅದನ್ನೇ ಒಪ್ಪುತ್ತೇವೆ.